ಬಾಣಂತಿ ಕೋಣೆಯ ಗುಬ್ಬಿ

ಎರಡನೆಯ ಮೇ, ಹದಿನೇಳು, ೨೧೯೬
ಹಾಸುಗಲ್ಲು ಒಳಕೇರಿ, ತುಂಗಭದ್ರೆಯ ಉತ್ತರಕ್ಕೆ

...ಅದಕ್ಕೇ ನಿನ್ನೆ ನಾನು ಹೇಳುತ್ತಿದ್ದುದು, ಗುಬ್ಬಿಯ ತಪ್ಪೇನೂ ಇರಲಿಲ್ಲ. ಅದನ್ನು ಅಲ್ಲಿ ಕೂರಿಸಿದವರು ನಾವು. ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ, ಬೀಗರು ಬಂದರೆ ಕೂರಿಸುವ ಜಾಗದಲ್ಲಿ. ನಿನ್ನೆಯ ಹಾಳೆ ನಿಮಗೆ ತಲುಪಿತೋ ಇಲ್ಲವೋ ತಿಳಿಯದು. ಹಿಂದಂಚೆಯಲ್ಲಿ, ಅಂದರೆ ನಾವು ಹಿಂದಿನ ಕಾಲದವರಿಗೆ ಬರೆದು ಹಾಕುವ ಅಂಚೆಯಲ್ಲಿ, ಉತ್ತರ ಬರುವ ಪದ್ಧತಿಯಿಲ್ಲ. ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗಿ ಮೊದಲಿಂದಲೇ ಹೇಳುತ್ತೇನೆ. ನಿನ್ನೆ ಓದಿದವರು ಬೇಸರಪಡಬಾರದು.

ಮೇಲಿನ ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಮೇ ತಿಂಗಳು ಎರಡು. ಜೂನ್ ಎಂದು ಕರೆಸಿಕೊಳ್ಳುವಂಥ ಗುಣ ಆ ತಿಂಗಳಿಗೆ ಏನೂ ಉಳಿಯಲಿಲ್ಲವೆಂದು ನಮ್ಮ ಅಜ್ಜಂದಿರ ಕಾಲದಲ್ಲೇ ಪಂಚಾಂಗದವರು ಹೆಸರು ಬದಲಿಸಿಬಿಟ್ಟರು. ನನ್ನ ಮಾತುಗಳೂ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ನಿಮ್ಮ ಕಾಲದವರಿಗೆ ಇಂಗ್ಲಿಷ್ ಸಲೀಸು ಎಂದು ಕೇಳಿದ್ದೇನೆ. ನಮ್ಮಲ್ಲಿ ಅದನ್ನು ಹಳಗನ್ನಡದ ಹಾಗೆ ಕಾಲೇಜಿನಲ್ಲಿ ಎರಡು ವರ್ಷ ಓದಿಸಿ ಕೈಬಿಡುತ್ತಾರೆ. ‘ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್ ದಟ್’ ಎಂದು ಪತ್ರ ಆರಂಭಿಸಬೇಕೆಂಬುದು ನೆನಪಿದೆ. ಏನನ್ನು ಸ್ಟೇಟ್ ಮಾಡಬೇಕು ಎಂಬುದು ಮಾತ್ರ ಆ ಪಾಠದಲ್ಲಿ ಇರಲಿಲ್ಲ. ಇವತ್ತು ಅದು ನನ್ನ ಬಳಿ ಇದೆ, ಅದಕ್ಕೇ ಕೈ ನಿಲ್ಲುತ್ತಿಲ್ಲ. ಬೆಳಿಗ್ಗೆ ಗುಬ್ಬಿಯ ಎಣಿಕೆ ಬಂತು. ಅದನ್ನು ಈಗಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ಓದುವುದಿಲ್ಲ. ನನ್ನ ಹೆಂಡತಿ ಕಸ್ತೂರಿ ಇದ್ದಿದ್ದರೆ ‘ಮೊದಲ ತುದಿ ಹೇಳ್ರಿ, ಆಮ್ಯಾಲ ಬುಡ’ ಅನ್ನುತ್ತಿದ್ದಳು. ಅವಳು ಹೋಗಿ ಒಂಬತ್ತು ವರ್ಷ. ನಾನು ಬರೆಯಲಿರುವ ಗಾಳಿಗೂ ಅವಳ ಸಾವಿಗೂ ಸಂಬಂಧವಿಲ್ಲ, ಅವಳಿಗೆ ಎದೆಯ ತೊಂದರೆ ಹುಟ್ಟಿನಿಂದ ಇತ್ತು.

ನಾವು ಬದುಕುವುದು ಬಂಡೆಯೊಳಗೆ. ಹೊರಗಿನ ಬಿಸಿಲು ತಾಳದೆ ನಮ್ಮ ಹಿರಿಯರು ಗುಡ್ಡದ ಇಳಿಜಾರಿನಲ್ಲಿ ಗ್ರಾನೈಟ್ ಕೊರೆದು ಮನೆ ಮಾಡಿಕೊಂಡರು. ಇದಕ್ಕೆ ಒಳಮನೆ ಎನ್ನುತ್ತೇವೆ, ಇಂಥ ಮನೆಗಳ ಸಾಲಿಗೆ ಒಳಕೇರಿ. ಕೊರೆದ ನೆಲದ ಏರುತಗ್ಗಿಗೆ ಜಲ್ಲಿ ತುಂಬಿ, ಮೇಲೆ ಹಾಸುಗಲ್ಲು ಜೋಡಿಸಿದ್ದಾರೆ. ಬಿಸಿಲು ಏರುವ ಮುಂಚೆ ಬಾಗಿಲು ಜಡಿದರೆ ಸಂಜೆಯವರೆಗೂ ಒಳಗೆ ತಂಪು. ಓದಲು ಬರೆಯಲು ಮೇಲಿನಿಂದ ಬೆಳಕಿನ ಕೊಳವೆ ಇಳಿದಿರುತ್ತದೆ, ಅದರೊಳಗಿನ ಕನ್ನಡಿಗಳು ಸೂರ್ಯನನ್ನು ಹಿಡಿದು ಕೆಳಗೆ ಕಳಿಸುತ್ತವೆ. ಸಂತೆ, ಶಾಲೆ, ಮದುವೆ ಎಲ್ಲವೂ ಹೊತ್ತು ಇಳಿದ ಮೇಲೆ. ಒಳ್ಳೆಯ ಮನೆಗಳು ಇವು, ನಾನು ದೂರುತ್ತಿಲ್ಲ. ಆದರೆ ಕಲ್ಲು ಉಸಿರಾಡುತ್ತದೆ. ಗ್ರಾನೈಟಿನಲ್ಲಿ ಚೂರುಪಾರು ಯುರೇನಿಯಂ ಇರುತ್ತದೆ, ಅದು ಸವೆಯುತ್ತಾ ಸವೆಯುತ್ತಾ ಒಂದು ಅನಿಲವಾಗಿ ಬಿರುಕಿನಿಂದ ಮೇಲೆದ್ದು ಬರುತ್ತದೆ. ನಾವು ಅದಕ್ಕೆ ಕಲ್ಲುಸಿರು ಎನ್ನುತ್ತೇವೆ. ನೀವು ರೇಡಾನ್ ಎನ್ನುತ್ತೀರಿ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಕೂಡ ಬರಿಸುವುದಿಲ್ಲ. ‘ಇಟ್ ಈಸ್ ಎ ನೋಬಲ್ ಗ್ಯಾಸ್, ಇಟ್ ಡಸ್ ನಾಟ್ ಮಿಕ್ಸ್ ವಿತ್ ಎನಿಬಡಿ’ ಎಂದು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಯಾರೊಂದಿಗೂ ಬೆರೆಯದ ಆ ದೊಡ್ಡ ಮನುಷ್ಯ ನಾಲ್ಕು ದಿನದೊಳಗೆ ಅರ್ಧ ಕರಗುತ್ತಾನೆ. ಕರಗುವಾಗ ಹುಟ್ಟುವ ಚೂರುಗಳೇ ಧೂಳಿಗೂ ಹೊಗೆಗೂ ಅಂಟಿ ಶ್ವಾಸಕೋಶಕ್ಕೆ ಇಳಿಯುವುದು. ವರ್ಷಗಟ್ಟಲೆ ಉಸಿರಾಡಿದ ಮೇಲೆ ಕೆಲವರಿಗೆ ಅಲ್ಲಿ ಕ್ಯಾನ್ಸರ್ ಹುಣ್ಣು ಹುಟ್ಟುತ್ತದೆ. ಬೀಡಿ ಸೇದುವವರಿಗೆ ಇನ್ನೂ ಬೇಗ.

ಅದಕ್ಕೇ ಪ್ರತಿ ಮನೆಗೂ ವರ್ಷಕ್ಕೊಮ್ಮೆ ಗುಬ್ಬಿ ಬರುತ್ತದೆ. ಗುಬ್ಬಿಯೆಂದರೆ ಹಕ್ಕಿಯಲ್ಲ, ಹಕ್ಕಿಯಷ್ಟೇ ಗಾತ್ರದ ಒಂದು ಕುಡಿಕೆ. ಒಳಗೆ ಉಗುರಿನಷ್ಟಗಲದ ಪ್ಲಾಸ್ಟಿಕ್ ಬಿಲ್ಲೆ. ಕಲ್ಲುಸಿರಿನ ಅಣು ಸಿಡಿದಾಗೆಲ್ಲ ಆ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಆಮೇಲೆ ಕ್ಷಾರದಲ್ಲಿ ತೊಳೆದು ಭೂತಗನ್ನಡಿಯಲ್ಲಿ ಗೀರುಗಳನ್ನು ಎಣಿಸಿ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮಿಣುಕು ಇದೆಯೆಂದು ಹೇಳುತ್ತಾರೆ. ಮಿಣುಕು ನಮ್ಮ ಮಾತು, ನಿಮ್ಮದರಲ್ಲಿ ಬೆಕ್ವೆರೆಲ್. ನೂರು ಮಿಣುಕು ನಮ್ಮ ಗೆರೆ. ಗೆರೆ ದಾಟಿದ ಮನೆ ರಿಪೇರಿಯಾಗಬೇಕು.

ನಮ್ಮ ಮನೆ ಯಾವತ್ತೂ ದಾಟಿದ್ದಿಲ್ಲ. ನಲವತ್ತು, ನಲವತ್ತೈದು. ಇಡೀ ಕೇರಿಯೇ ಹಾಗೆ. ಪಕ್ಕದ ಕೇರಿಯವರ ಮುಂದೆ ನಾವು ಮೀಸೆ ತಿರುವಿಕೊಂಡು ಓಡಾಡಿದವರು. ಕಾರಣ ಈಗ ಕೇಳಿ. ನಿಮ್ಮ ಕಾಲದಲ್ಲಿ ಈ ಸೀಮೆಯಲ್ಲಿ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುತ್ತಿದ್ದಿರಂತೆ. ನಾವು ಗಾಳಿ ಕೊಡುತ್ತೇವೆ. ಅತಿಥಿ ಹೊಸ್ತಿಲು ದಾಟಿದರೆ, ಹೊರಗೆ ಎಂಥ ಧಗೆಯಿದ್ದರೂ ಎರಡೂ ಬಾಗಿಲು, ಮೇಲಿನ ಗವಾಕ್ಷಿ ಎಲ್ಲ ತೆರೆದು, ಗಾಳಿ ಹಾಯುವ ಜಾಗದಲ್ಲಿ ಕೂರಿಸುತ್ತೇವೆ. ಮನೆಯ ತಂಪನ್ನು ಬಂದವರಿಗಾಗಿ ಚೆಲ್ಲುವುದು ದೊಡ್ಡ ಮರ್ಯಾದೆ. ಗುಬ್ಬಿ ವರ್ಷಕ್ಕೊಮ್ಮೆ ಬರುವ ಅತಿಥಿಯಲ್ಲವೇ? ಅದನ್ನೂ ಪಡಸಾಲೆಯ ಮಣೆಯ ಮೇಲೆ ಕೂರಿಸಿ, ಅರಿಸಿನ ಕುಂಕುಮ ಏರಿಸಿ, ಅದು ಇರುವ ಅಷ್ಟೂ ದಿನ ಹೊತ್ತು ಇಳಿದರೆ ಸಾಕು, ಬಾಗಿಲು ಹಾರುಹೊಡೆದು ಇಡುತ್ತಿದ್ದೆವು. ಹಗಲಲ್ಲೂ ಒಂದು ಸೆರಗಿನಷ್ಟು ಸಂದು ಬಿಡುತ್ತಿದ್ದೆವು. ಅದು ಅಳೆದದ್ದು ನಮ್ಮ ಮರ್ಯಾದೆಯನ್ನು. ನಮ್ಮ ಉಸಿರನ್ನಲ್ಲ.

ಈ ವರ್ಷ ಮೂರು ತಿಂಗಳ ಕಾಲ ಅಳೆಯುವ ಗುಬ್ಬಿ ತಂದವಳು ಜೈಬುನ್ನಿಸಾ. ಹೊಸದಾಗಿ ನಮ್ಮ ಕೇರಿಗೆ ನೇಮಕವಾದ ಗಾಳಿ ಇಂಜಿನಿಯರು, ಮೂವತ್ತರ ಹೆಂಗಸು, ದೊಡ್ಡ ದನಿ. ಮಣೆಯ ಮೇಲೆ ರಂಗೋಲಿ ಬಿಡಿಸುತ್ತಿದ್ದ ನನ್ನ ಅಕ್ಕ ಗುರುಬಸವ್ವನನ್ನು ನೋಡಿ ಅವಳು ಬಾಗಿಲಲ್ಲೇ ನಿಂತಳು.

“ಇದೇನ್ರಿ ಅತ್ತಿ, ಗುಬ್ಬಿಗೆ ಕುಬಸ ಮಾಡಾಕತ್ತೀರೇನು?”

“ಕುಬಸ ನಮ್ಮ ಅನಸೂಯಂದು, ಇನ್ನ ನಾಕ ತಿಂಗಳ ಐತಿ. ಬಾಯವ್ವ ಕುಂದರು. ತಮ್ಮಾ, ಗವಾಕ್ಷಿ ತಗಿ, ಬಂದಾಕಿಗೆ ಗಾಳಿ ಆಗಲಿ.” ಕುಬಸವೆಂದರೆ ಸೀಮಂತ, ಅನಸೂಯಾ ಚೊಚ್ಚಲ ಬಸುರಿಯಾದ ನನ್ನ ಮಗಳು.

“ತಗೀಬ್ಯಾಡ್ರಿ ಕಾಕಾ,” ಎಂದು ಅವಳು ನನ್ನ ಕೈ ತಡೆದಳು. “ಅನಸೂಯಾ ಎಲ್ಲಿ ಮಲಗ್ತಾಳ ಬಾಣಂತಿ ಆದಾಗ?”

ಅಕ್ಕ ಒಳಕೋಣೆ ತೋರಿಸಿದಳು. ಮನೆಯ ಕಟ್ಟಕಡೆಯ ಕೋಣೆ, ಮೂರು ಕಡೆ ಬಂಡೆ, ಒಂದು ಬಾಗಿಲು. ಬಾಣಂತಿಗೆ ಗಾಳಿ ತಾಕಬಾರದೆಂಬ ಮಾತು ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಒಂದಕ್ಷರ ತಪ್ಪದೆ ಬಂದಿದೆ. ಬಾಗಿಲು ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ಶೇಗಡಿಯಲ್ಲಿ ಕೆಂಡ ಹಾಕಿ, ಓಮ ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಕೊಟ್ಟು ತಾಯಿ ಮಗುವನ್ನು ತಿಂಗಳುಗಟ್ಟಲೆ ಬೆಚ್ಚಗಿಡುತ್ತೇವೆ. ಜೈಬುನ್ನಿಸಾ ಗುಬ್ಬಿಯನ್ನು ಆ ಕೋಣೆಯ ನಡುವೆ, ಮಲಗಿದವರ ಮೂಗಿನ ಎತ್ತರಕ್ಕೆ ತೂಗುಹಾಕಿ, ಬಾಗಿಲು ಎಳೆದಳು. ನಾವು ಬದುಕುವ ಹಾಗೇ ಮನೆ ಮುಚ್ಚಿರಬೇಕು, ಗುಬ್ಬಿಗೋಸ್ಕರ ಏನೂ ತೆರೆಯಬಾರದು ಎಂದಳು. ಅತಿಥಿಯನ್ನು ಕತ್ತಲ ಕೋಣೆಗೆ ತಳ್ಳಿದಳೆಂದು ಅಕ್ಕ ಎರಡು ದಿನ ಗೊಣಗಿದಳು.

ಮೂರು ತಿಂಗಳ ಮೇಲೆ ಆರುನೂರ ನಲವತ್ತು ಬಂತು.

ನನಗೆ ಮೊದಲು ಹೊಳೆದದ್ದು ಆರೋಗ್ಯವಲ್ಲ, ಸತ್ಯ ಹೇಳುತ್ತೇನೆ. ಬೀಗತಿ ಶರಣಮ್ಮನವರ ಮುಖ ಹೊಳೆಯಿತು. ಮಗಳು ಅನಸೂಯಾಳನ್ನು ಕೊಟ್ಟಿರುವುದು ಕೆರೆದಂಡೆಯ ಊರಿಗೆ, ಅಲ್ಲಿ ಅವಳು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವುದು ನಮ್ಮ ಹಕ್ಕು. ಅದು ತಾಯಿ ಮಾಡುವ ಕೆಲಸ ನಿಜ. ತಾಯಿಯಿಲ್ಲದ್ದಕ್ಕೆ ಹುಡುಗಿ ಅತ್ತೆಯ ಮನೆಯಲ್ಲೇ ಹೆತ್ತಳು ಎಂಬ ಮಾತು ಬರಬಾರದೆಂದು ನಾನೂ ಅಕ್ಕನೂ ನಾಲ್ಕು ತಿಂಗಳಿಂದ ತಯಾರಿ ನಡೆಸಿದ್ದೆವು. ಅಂಟಿನುಂಡೆ ಕಟ್ಟಲು ನಾನೇ ಕಲಿತಿದ್ದೆ. ಮೊದಲ ಸಲದ್ದು ಅಂಗಳಕ್ಕೆ ಎಸೆದರೆ ನಾಯಿ ಮೂಸಿ ಹೋಯಿತು, ಮೂರನೆಯ ಸಲದ್ದನ್ನು ಅಕ್ಕ ಎರಡು ತಿಂದಳು. ಅಷ್ಟರಲ್ಲಿ ಈ ಆರುನೂರ ನಲವತ್ತು. ಎಣಿಕೆಯನ್ನು ಮುಚ್ಚಿಡುವಂತಿಲ್ಲ, ಮುಚ್ಚಿಡುವ ಮನಸ್ಸೂ ಇರಲಿಲ್ಲ. ದೂರವಾಣಿಯಲ್ಲಿ ಹೇಳಿದೆ. ಆ ಕಡೆ ಮೊದಲು ಮಾತಾಡಿದವರು ಬೀಗತಿ.

“ನಿಮ್ಮ ಮನಿ ಕಲ್ಲಿನ ಹೊಟ್ಟ್ಯಾಗ ಐತ್ರಿ ಬೀಗರ. ನಮ್ಮದು ಕೆರಿ ದಂಡಿಮ್ಯಾಲ. ಕೂಸಿಗೆ ಎಲ್ಲಿ ಛಲೋ, ನೀವ ಹೇಳ್ರಿ.”

ಅಷ್ಟರಲ್ಲಿ ಅನಸೂಯಾ ದೂರವಾಣಿ ಕಸಿದುಕೊಂಡಳು. “ಅಪ್ಪಾ, ನನಗೇನು ಸಿಟ್ಟಿಲ್ಲ. ನೂರರ ಕೆಳಗ ಇಳಿಸಿದ್ರ ಬರ್ತೀನಿ. ಇಳೀಲಿಲ್ಲಂದ್ರ ಕೂಸಿನ್ನ ಆಮ್ಯಾಲ ತೋರ್ಸಾಕ ತರ್ತೀನಿ. ಬಾಗಲಾ ತಗದಿಟ್ಟು ಅಳೆಸಿದ್ರ ಮಾತ್ರ ನನಗ ಗೊತ್ತಾಕ್ಕತಿ ನೋಡು.” ಅವಳು ಕಸ್ತೂರಿಯ ಮಗಳು. ಗಡುವು ಕುಬಸ ಮುಗಿಯುವವರೆಗೆ.

ಈಗ ಸಂತೋಷದ ಭಾಗ ಬರುತ್ತದೆ. ನಿಮಗೆ ನಂಬಿಕೆಯಾಗಲಿಕ್ಕಿಲ್ಲ, ಕಲ್ಲುಸಿರನ್ನು ಓಡಿಸುವುದು ಇಷ್ಟು ಸುಲಭವೆಂದು ನನಗೂ ಗೊತ್ತಿರಲಿಲ್ಲ. ಅಷ್ಟು ಹಳೆಯ ಬಂಡೆ, ಅದರ ಮುಂದೆ ನಾವೆಷ್ಟರವರು ಎಂದುಕೊಂಡಿದ್ದೆ. ಜೈಬುನ್ನಿಸಾ ನಕ್ಕಳು. “ಬಂಡಿಗೆ ಉಸಿರಾಡಬ್ಯಾಡ ಅನ್ನಾಕ ಆಗೂದಿಲ್ರಿ ಕಾಕಾ. ಮನಿಯೊಳಗ ಬ್ಯಾಡ, ಮಾಳಿಗಿ ಮ್ಯಾಲ ಹೋಗಿ ಆಡು ಅನ್ನಬೇಕು.” ಆ ಒಂದು ಮಾತಿನಲ್ಲಿ ಇಡೀ ವಿದ್ಯೆ ಇದೆ. ಅವಳ ಕಡೆಯ ಕೆಲಸಗಾರರು ಒಳಕೋಣೆಯ ಮೂಲೆಯಲ್ಲಿ ಒಂದು ಹಾಸುಗಲ್ಲು ಎಬ್ಬಿಸಿ, ಕೆಳಗಿನ ಜಲ್ಲಿಯಲ್ಲಿ ಬುಟ್ಟಿಯಷ್ಟಗಲದ ಗುಂಡಿ ತೋಡಿದರು. ಗುಂಡಿಗೆ ಕೊಳವೆಯ ಬಾಯಿ ಇಳಿಸಿ, ಸುತ್ತ ಗಾಳಿಯಾಡದಂತೆ ಬಿಗಿದು, ಆ ಕೊಳವೆಯನ್ನು ಮಾಳಿಗೆ ದಾಟಿಸಿ ಗವಾಕ್ಷಿಗಿಂತ ಬಹಳ ಮೇಲಕ್ಕೆ ಎತ್ತಿದರು. ಮೇಲೆ, ಮನೆಯ ಹೊರಗೆ, ಕೊಳವೆಯೊಳಗೊಂದು ಫ್ಯಾನು. ಅದು ಹಗಲೂ ರಾತ್ರಿ ತಿರುಗುತ್ತಲೇ ಇರಬೇಕು, ತಿನ್ನುವ ಕರೆಂಟು ಒಂದು ಸಣ್ಣ ದೀಪದಷ್ಟು. ಕಲ್ಲು ಬಿಡುವ ಉಸಿರನ್ನು ನೆಲದ ಅಡಿಯಲ್ಲೇ ಹೀರಿ ಆಕಾಶಕ್ಕೆ ಬಿಡುತ್ತದೆ. ಅಲ್ಲಿ ಅದು ತೆಳ್ಳಗಾಗಿ ಹೋಗುತ್ತದೆ. ಗೋಡೆಯ ಬಿರುಕು, ಹಾಸುಗಲ್ಲಿನ ಸಂದು, ತಂತಿ ಬರುವ ತೂತು ಎಲ್ಲಕ್ಕೂ ಅಂಟುಗಾರೆ ತುಂಬಿದರು. ಬರೀ ಬಿರುಕು ಮುಚ್ಚಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲವಂತೆ, ಅದು ಇನ್ನೊಂದು ದಾರಿ ಹುಡುಕುತ್ತದೆ. ಹೀರುವುದು ಮುಖ್ಯ.

ಕೊಳವೆಯ ಮೈಗೆ ಒಂದು ಬಾಗಿದ ಗಾಜಿನ ನಳಿಗೆ ಸಿಕ್ಕಿಸಿದ್ದಾರೆ, ಒಳಗೆ ಕೆಂಪು ನೀರು. ಫ್ಯಾನು ನಿಂತಿದ್ದರೆ ನೀರು ಎರಡೂ ಕಡೆ ಸಮ. ಫ್ಯಾನಿನ ಗುಂಡಿ ಒತ್ತಿದರು. ನೀರು ಒಂದು ಕಡೆ ಏರಿತು, ಇನ್ನೊಂದು ಕಡೆ ಇಳಿಯಿತು, ಹಾಗೇ ನಿಂತಿತು. ಅರವತ್ತು ದಾಟಿದ ಮನುಷ್ಯ ನಾನು, ಆ ಎರಡು ಬೆರಳು ನೀರನ್ನು ನೋಡುತ್ತಾ ನೆಲದ ಮೇಲೆ ಕೂತುಬಿಟ್ಟೆ. ನೂರಾರು ವರ್ಷ ಕಾಣದೆ ಓಡಾಡಿದ್ದು ಮೊದಲ ಬಾರಿ ಕೈಗೆ ಸಿಕ್ಕ ಹಾಗೆ. ‘ಸೀಯಿಂಗ್ ಈಸ್’ ಎಂದು ಏನೋ ಒಂದು ಇದೆಯಲ್ಲ ಇಂಗ್ಲಿಷಿನಲ್ಲಿ, ಆ ಮಾತು ಪೂರ್ತಿ ನೆನಪಾಗಲಿಲ್ಲ, ಅರ್ಥ ಮಾತ್ರ ಅವತ್ತು ಆಯಿತು. ಅಕ್ಕ ಈಗ ದಿನಾ ಎದ್ದ ಕೂಡಲೇ ಆ ನಳಿಗೆ ನೋಡಿಯೇ ಮುಖ ತೊಳೆಯುವುದು.

ವಾರದ ಗುಬ್ಬಿ ಇಟ್ಟೆವು. ಇದು ಅವಸರದ ಅಳತೆಗೆ ಇರುವ ಚಿಕ್ಕ ಗುಬ್ಬಿ. ಇನ್ನೂರ ಹತ್ತು ಬಂತು.

ಮೂರರಲ್ಲಿ ಎರಡು ಪಾಲು ಹೋಗಿದೆ, ಒಂದು ಪಾಲು ಹೋಗಲು ಒಲ್ಲದು. ಜೈಬುನ್ನಿಸಾ ಮತ್ತೆ ಬಂದು ಗೋಡೆಗೆಲ್ಲ ಕೈಯಾಡಿಸಿದಳು, ಫ್ಯಾನು ಬದಲಿಸಬೇಕೇನೋ ಎಂದು ತಲೆ ಕೆರೆದುಕೊಂಡಳು. ದೊಡ್ಡ ಫ್ಯಾನು ಜಿಲ್ಲೆಯಿಂದ ಬರಲು ಎರಡು ತಿಂಗಳು. ಕುಬಸ ಆಗಿಹೋಗಿತ್ತು. ಬೀಗತಿ ನಮ್ಮ ಮನೆಯ ಹೋಳಿಗೆ ಹೊಗಳಿ, ಗೋಡೆಗಳನ್ನು ಮಾತ್ರ ಬಾಯಿಬಿಡದೆ ನೋಡಿ, ಸೊಸೆಯನ್ನು ಕರೆದುಕೊಂಡು ಹೋಗಿದ್ದರು. ಗಡುವನ್ನು ಮಗಳು ಹದಿನೈದು ದಿನ ಮುಂದಕ್ಕೆ ಹಾಕಿದ್ದಳು, ಅಷ್ಟೇ.

ಆಗ ನಡೆದದ್ದು ಜಗಳ. ಬಾಣಂತಿ ಕೋಣೆಯಲ್ಲಿ ಶೇಗಡಿ, ಹೊಗೆ ಕೂಡದು ಎಂದು ಜೈಬುನ್ನಿಸಾ ಮೊದಲೇ ಹೇಳಿದ್ದಳು. ಅಕ್ಕ ಒಪ್ಪಿರಲಿಲ್ಲ. ಒಂದು ಮಧ್ಯಾಹ್ನ ನಾನು ನಿದ್ದೆಯಿಂದ ಎದ್ದರೆ ಒಳಕೋಣೆಯಿಂದ ಓಮದ ವಾಸನೆ. ಯಾರೂ ಇಲ್ಲದ ಕೋಣೆಗೆ ಅಕ್ಕ ಹೊಗೆ ಹಾಕುತ್ತಿದ್ದಾಳೆ, ದೃಷ್ಟಿ ಹೋಗಲಿ ಎಂದು. ಅದೇ ಹೊತ್ತಿಗೆ ಜೈಬುನ್ನಿಸಾ ಬರಬೇಕೇ?

“ಅತ್ತೀ, ಏನ್ ಮಾಡಾಕತ್ತೀರಿ? ಹೊಗಿ ಇದ್ರ ಅದರ ಚೂರೆಲ್ಲಾ ಹೊಗಿಗೆ ಅಂಟಿ ಕೂಸಿನ ಪುಪ್ಪುಸಕ್ಕ ಹೋಗ್ತಾವ ಅಂತ ಹೇಳಿಲ್ಲೇನು ನಿಮಗ?”

“ನಿಮ್ಮವ್ವನ ಬಾಣಂತನ ಯಾರು ಮಾಡ್ಯಾರ ಕೇಳು ಹೋಗು. ನಿನಗೂ ಇದ ಹೊಗಿ ಕೊಟ್ಟ ಬೆಳಸ್ಯಾರ, ಅದಕ್ಕ ಇಷ್ಟು ದನಿ ಐತಿ ನಿನಗ.”

ಜೈಬುನ್ನಿಸಾ ಮೂಲೆಯ ಕಡೆ ಒಂದು ಹೆಜ್ಜೆ ಇಟ್ಟಳು. ಅವಳು ಅಕ್ಕನನ್ನು ನೋಡುತ್ತಿರಲಿಲ್ಲ. ಕೋಣೆಯ ಮೂಲೆಯಲ್ಲಿ ಬಾಣಂತಿಗೆ ಎರೆಯುವ ಚಿಕ್ಕ ಬಚ್ಚಲಿದೆ. ಅದರ ನೀರು ಹೋಗುವ ತೂತು ಬಂಡೆಯೊಳಗಿನ ಹಳೆಯ ಕಾಲುವೆಗೆ ಸೇರುತ್ತದೆ. ಶೇಗಡಿಯ ಹೊಗೆ ಕೋಣೆ ತುಂಬ ಸುಮ್ಮನೆ ಮಲಗಿತ್ತು. ಆ ತೂತಿನ ಹತ್ತಿರ ಮಾತ್ರ ಯಾರೋ ಕೆಳಗಿನಿಂದ ಊದುತ್ತಿರುವಂತೆ ಸುರುಳಿಯಾಗಿ ಆಚೆ ಸರಿಯುತ್ತಿತ್ತು. ನಾವು ಮೂವರೂ ಬಗ್ಗಿ ನೋಡಿದೆವು. ಗೋಡೆ ನೆಲ ಎಲ್ಲ ಮುಚ್ಚಿದವರು, ನೀರು ಹೋಗುವ ದಾರಿಯಲ್ಲಿ ಗಾಳಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

“ಅತ್ತೀ, ನಿಮ್ಮ ಹೊಗಿಗೆ ಒಂದು ಸಲಾಂ. ಇವತ್ತಿನದು ಕಡೀದು ಅಂತ ಮಾತು ಕೊಟ್ರ ಇನ್ನೊಂದು.”

“ಬೆಚ್ಚಗ ಹೆಂಗ ಇಡೂದು ಕೂಸಿನ್ನ?”

“ಬಾಗಲಾ ಹಾಕ್ಕೊಂಡ ಇಡ್ರಿ. ಅದಕ್ಕ ಅಲ್ಲೇನು ನಾ ಇಷ್ಟು ಒದ್ದಾಡಾಕತ್ತಿದ್ದು?”

ಅಕ್ಕ ಶೇಗಡಿ ಎತ್ತಿಕೊಂಡು ಹೊರಗೆ ಹೋದಳು. ಕೊಟ್ಟ ಮಾತನ್ನು ಬಾಯಲ್ಲಿ ಹೇಳುವ ಅಭ್ಯಾಸ ಅವಳಿಗಿಲ್ಲ. ಕೆಂಡಕ್ಕೆ ನೀರು ಸುರಿದ ಸದ್ದು ಕೇಳಿತು, ಅಷ್ಟು ಸಾಕು. ಬಚ್ಚಲ ತೂತಿಗೆ ಬಾಗಿದ ಕೊಳವೆ ಕೂರಿಸಿದರು. ಬಾಗಿದ ಜಾಗದಲ್ಲಿ ಸದಾ ನೀರು ನಿಂತಿರುತ್ತದೆ, ನೀರು ಇಳಿಯುತ್ತದೆ, ಗಾಳಿ ಏರುವುದಿಲ್ಲ. ಬಚ್ಚಲು ಬಳಸದ ದಿನ ಒಂದು ಚೊಂಬು ನೀರು ಹಾಕಬೇಕು, ಒಣಗಲು ಬಿಡಬಾರದು. ಮತ್ತೆ ವಾರದ ಗುಬ್ಬಿ ತೂಗಿತು. ಆ ವಾರ ನಾವು ಬಾಗಿಲನ್ನು ಮುಟ್ಟಲಿಲ್ಲ, ಸಂದಿಗೆ ಬಟ್ಟೆಯನ್ನೂ ತುರುಕಿದೆವು, ಬಾಣಂತಿಯಿದ್ದರೆ ಹೇಗೋ ಹಾಗೆ. ಪಕ್ಕದ ಮನೆಯವರು ಮಾತಾಡಿಸಲು ಬಂದರೆ ಅಂಗಳದಲ್ಲೇ ಕೂರಿಸಿದೆವು. ಅವರಿಗೆ ಮರ್ಯಾದೆ ಕಡಿಮೆಯಾಯಿತು, ಏನು ಮಾಡುವುದು.

ಇವತ್ತು ಬೆಳಿಗ್ಗೆ ಐವತ್ತೆಂಟು.

ಜೈಬುನ್ನಿಸಾ ಕೇರಿಯ ಬಾಯಿಯಿಂದಲೇ ಕೂಗಿಕೊಂಡು ಬಂದಳು, ಹಾಗಾಗಿ ನನಗಿಂತ ಮೊದಲು ಅದು ಊರಿಗೆಲ್ಲ ಗೊತ್ತಾಯಿತು. ವಾರದ ಗುಬ್ಬಿಯದು ಕೊನೆಯ ಮಾತಲ್ಲ, ಮೂರು ತಿಂಗಳ ದೊಡ್ಡ ಗುಬ್ಬಿ ಬಾಣಂತನ ಮುಗಿಯುವವರೆಗೂ ಅಲ್ಲೇ ತೂಗಲಿ ಎಂದು ಅದನ್ನೂ ಕಟ್ಟಿ ಹೋದಳು. ನಾನು ಮಗಳಿಗೆ ಹೇಳಿದೆ. ಅವಳು “ಬಾಗಲಾ?” ಎಂದಳು. “ಹಾಕಿತ್ತವ್ವ,” ಎಂದೆ. “ಹಂಗಾದ್ರ ಹೊತ್ತು ಇಳಿದ ಗಾಡಿಗೆ ಹೊಂಡ್ತೀನಿ,” ಎಂದಳು. ಹಿಂದಿನಿಂದ ಬೀಗತಿಯ ದನಿ ಕೇಳಿತು, ಆ ಕೊಳವೆ ಹಾಕುವವಳನ್ನು ನಮ್ಮ ಊರಿಗೂ ಕಳಿಸಲು ಹೇಳು ಎನ್ನುತ್ತಿದ್ದರು. ಕೆರೆದಂಡೆಯ ಮನೆ ಎಷ್ಟು ಮಿಣುಕೋ ಯಾರು ಬಲ್ಲರು, ಅವರು ಯಾವತ್ತೂ ಅಳೆಸಿದವರಲ್ಲ.

ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟೆ. ನೀವಿನ್ನೂ ನೆಲದ ಮೇಲಿದ್ದೀರಿ, ಕಿಟಕಿ ತೆರೆದು ಮಲಗುವ ಪುಣ್ಯವಂತರು. ಆದರೆ ನೀವೂ ಕಲ್ಲಿನ ಮೇಲೇ ಮನೆ ಕಟ್ಟುತ್ತಿದ್ದೀರಿ, ಕೋಣೆಗಳನ್ನು ತಂಪು ಮಾಡಲು ಕಿಟಕಿ ಮುಚ್ಚುವುದನ್ನು ಕಲಿಯುತ್ತಿದ್ದೀರಿ ಎಂದು ಓದಿದ್ದೇನೆ. ಒಂದು ಗುಬ್ಬಿ ತರಿಸಿಕೊಳ್ಳಿ, ನಿಮ್ಮ ಕಾಲದಲ್ಲಿ ಅದಕ್ಕೆ ಏನು ಹೆಸರೋ. ಕೆಳಗಿನ ಅಂತಸ್ತಿನಲ್ಲಿ, ಮಕ್ಕಳು ಮಲಗುವ ಕೋಣೆಯಲ್ಲಿ, ಬಾಗಿಲು ಕಿಟಕಿಯ ಗಾಳಿಯಿಂದ ದೂರ ತೂಗುಹಾಕಿ, ದಿನಾ ಇರುವ ಹಾಗೇ ಇರಿ. ಹೆಚ್ಚು ಬಂದರೆ ನಾಚಿಕೊಳ್ಳಬೇಡಿ, ಹೆದರಲೂಬೇಡಿ, ಅದನ್ನು ಇಳಿಸಬಹುದು. ಹೊಸ ಮನೆ ಕಟ್ಟುವವರು ನೆಲದಡಿ ಜಲ್ಲಿ ಹಾಸುವಾಗಲೇ ಒಂದು ಕೊಳವೆ ಮಲಗಿಸಿ ಮಾಳಿಗೆಗೆ ಎತ್ತಿಬಿಡಿ. ಆಮೇಲೆ ಕಲ್ಲು ಕೀಳುವುದಕ್ಕಿಂತ ಅದು ಎಷ್ಟೋ ಸಲೀಸು. ಇನ್ನೂ ಒಂದು ಮಾತಿತ್ತು, ಫ್ಯಾನಿನ ಸದ್ದಿನ ಬಗ್ಗೆ, ಅಕ್ಕ ಅದಕ್ಕೆ...

ಕೊಳವೆಯ ಬೆಳಕು ಹಾಳೆಯ ಅಂಚಿಗೆ ಸರಿದುಬಿಟ್ಟಿದೆ, ನಾನು ಗಮನಿಸಲೇ ಇಲ್ಲ. ಗಾಡಿ ಕೆರೆದಂಡೆ ಬಿಟ್ಟಿರುತ್ತದೆ. ಒಳಕೋಣೆಯಲ್ಲಿ ಹಾಸಿಗೆ ಇನ್ನೂ ಸುತ್ತಿಟ್ಟ ಹಾಗೇ ಇದೆ. ಹೋಗಿ ಬಿಚ್ಚುತ್ತೇನೆ.

ಸಂಗನಬಸಪ್ಪ